ಹೆಸರಿಲ್ಲದ ಹಾಳೆ, ರೋಲ್ ನಂಬರಿನ ಸಾಲು

ಗೆಳತಿಯರೇ, ನನ್ನ ಕಥೆ ಕೇಳಿ. ನರ್ಸಿಂಗ್ ವಿದ್ಯಾರ್ಥಿನಿಯರ ನೆಮ್ಮದಿಯ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಇವತ್ತು ಚಿಕ್ಕೋಡಿಯಿಂದ ನಮ್ಮ ಕಾಲೇಜಿಗೆ ಬಂದಿದ್ದರು. ಪ್ರಶ್ನೆಗಳ ಹಾಳೆ ಹಂಚಿ, "ಹೆಸರು ಬರೀಬ್ಯಾಡ್ರಿ, ಮನಸ್ಸು ಬಿಚ್ಚಿ ಬರೀರಿ" ಎಂದರು. 'ಕಾಲೇಜಿನಲ್ಲಿ ನಿಮಗೆ ಯಾರ ಭಯ?' ಎಂಬಲ್ಲಿ ನಾನು 'ಪ್ರಿನ್ಸಿಪಾಲ್ ಮೇಡಂ' ಎಂದು ದಪ್ಪಗೆ ಬರೆದೆ.

ಕೊನೆಗೆ ನಮ್ಮ ಲೀಡರ್ ಸವಿತಾ, ರೆಕಾರ್ಡ್ ಬುಕ್ ತೆಗೆದುಕೊಳ್ಳುವ ಹಾಗೆಯೇ, ರೋಲ್ ನಂಬರ್ ಕರೆದು ಹಾಳೆ ತೆಗೆದುಕೊಂಡಳು. ನಾವೂ ಎದ್ದೆದ್ದು ಕೊಟ್ಟೆವು. ಅದೇ ಕ್ರಮದಲ್ಲಿ ಕಟ್ಟನ್ನು ಪ್ರಿನ್ಸಿಪಾಲರ ಟೇಬಲ್ಲಿನ ಮೇಲೆ ಇಟ್ಟು ಬಂದಳು.

"ಹಂಗ್ಯಾಕ ಮಾಡಿದಿ ಬೇ?" ಎಂದೆ.

"ಯಾವಾಗ್ಲೂ ಹಂಗ ಇಡ್ತೀನಲ್ಲ?" ಎಂದಳು.

ನನ್ನ ರೋಲ್ ನಂಬರ್ ಒಂದು; ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿರುವುದು ನನ್ನ ಹಾಳೆಯೇ. 'ನಿದ್ದೆ ಚೆನ್ನಾಗಿ ಬರುತ್ತದೆಯೇ?' ಎಂಬುದಕ್ಕೆ 'ಹೌದು' ಎಂದು ಬರೆದಿದ್ದೆ. ಸಂಶೋಧನೆಯ ಮೇಡಂ ಅದೊಂದನ್ನು ದಯವಿಟ್ಟು ತಿದ್ದಿಕೊಳ್ಳಲಿ.