ಮೂರನೆಯ ಭೂತವಿಲ್ಲದ ಕ್ರಿಸ್‌ಮಸ್ ಕತೆ

ಮೊನ್ನೆ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಕಟ್ಟಡದ ಲಿಫ್ಟಿಗೆ ಕಾಲಿಟ್ಟರೆ ತೆಂಗಿನಹಾಲು, ಏಲಕ್ಕಿ, ಕಾದ ಎಣ್ಣೆಯ ವಾಸನೆ. ಯಾರೋ ಕರಾವಳಿಯವರು ಕ್ರಿಸ್‌ಮಸ್ಸಿಗೆ ಕಿಡ್ಯೊ ಎಂಬ ಸಿಹಿ ಸುರುಳಿಗಳನ್ನು ಕರಿಯುತ್ತಿದ್ದರು. ನಮ್ಮ ಮಹಡಿ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅಬುಧಾಬಿಗೆ ಹೋಗಿ ಬಂದೆ.

ಮದುವೆಯ ಹೊಸತರಲ್ಲಿ ನಾವಿದ್ದದ್ದು ಅಲ್ಲಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಅರ್ಧಭಾಗದಲ್ಲಿ. ಇನ್ನರ್ಧದಲ್ಲಿ ಜೆಸಿಂತಾ, ಮಂಗಳೂರು ಕಡೆಯ ಕೊಂಕಣಿ ನರ್ಸು. ಗಂಡನಿಗೆ ರುವೈಸ್‌ನ ರಿಫೈನರಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಮಗಳು ಶೈನಾಗೆ ಹುಟ್ಟಿನಿಂದ ಹೃದಯದ ತೊಂದರೆ. ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿ. ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಜೆಸಿಂತಾ ಮಾತ್ರ, "ಮುಂದಿನ ವರ್ಷ ನೋಡುವ" ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ದಿನಾ ಕಂಡದ್ದೇ ಅವಳ ಹೆದರಿಕೆ ಹೆಚ್ಚಿಸಿತ್ತು.

ಡಿಸೆಂಬರಿನ ಶುಕ್ರವಾರ ಮಧ್ಯಾಹ್ನ ಅವಳ ಮನೆಯಲ್ಲಿ ಪೇಪರು ಹಾಸಿ, ಸುತ್ತ ಕೂತು, ಹಿಟ್ಟಿನ ಚೂರುಗಳನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಬೇಕು. ಹುಬ್ಬಳ್ಳಿಯವಳಾದ ನನ್ನ ಕೈಗೆ ಅದು ಒಗ್ಗಲೇ ಇಲ್ಲ. "ಇದೆಂತ ಮಾರಾಯ್ತಿ, ಕಿಡ್ಯೊ ಮಾಡು ಅಂದ್ರೆ ನಿಮ್ಮೂರಿನ ಮುಟಗಿ ಉಂಡೆ ಕಟ್ತೀಯಲ್ಲ!" ಎಂದು ನಗುವಳು. ನಮ್ಮ ಬಾಯಿಗೆ ಬೀಗ; ಹಿಟ್ಟು ಮುಗಿಯುವ ತನಕ ಅವಳದೇ ಕತೆ.

ಪ್ರತಿ ವರ್ಷವೂ ಒಂದೇ ಕತೆ. ಇಂಗ್ಲಿಷ್ ಸಾಹಿತಿಯೊಬ್ಬ ನೂರೈವತ್ತು ವರ್ಷಕ್ಕೂ ಹಿಂದೆ, ರಾಣಿಯ ಕಾಲದಲ್ಲಿ ಬರೆದದ್ದು. ಲಂಡನ್ನಿನ ಜಿಪುಣ ಅವಳ ಬಾಯಲ್ಲಿ ರಜೆ ಕೊಡದ ಅರ್ಬಾಬ್, ಅಂದರೆ ಇಲ್ಲಿನ ಧಣಿ, ಆಗುತ್ತಿದ್ದ. ಕ್ರಿಸ್‌ಮಸ್ ಬಂದಾಗ ಒಂದು ಭೂತ ಅವನಿಗೆ ಹಳೆಯ ದಿನಗಳನ್ನು ತೋರಿಸುತ್ತದೆ, ಇನ್ನೊಂದು ಅವನ ಗುಮಾಸ್ತನ ಮನೆಯನ್ನೂ ಅಲ್ಲಿನ ಕಾಯಿಲೆಯ ಮಗುವನ್ನೂ ತೋರಿಸುತ್ತದೆ. ಅರ್ಬಾಬ್ ಕರಗುತ್ತಾನೆ, ಕತೆ ಖಲಾಸ್.

ನನಗೋ ಕೆಟ್ಟ ಕುತೂಹಲ. ಆ ಸಾಹಿತಿ ಯಾರೆಂದು ಕೆದಕಿದೆ. ಕತೆ ಕಟ್ಟುತ್ತ ಲಂಡನ್ನಿನ ಬೀದಿಗಳಲ್ಲಿ ಮೈಲುಗಟ್ಟಲೆ ಅಲೆಯುತ್ತಿದ್ದನಂತೆ, ನಗುತ್ತಿದ್ದನಂತೆ, ಅಳುತ್ತಿದ್ದನಂತೆ. ಆಮೇಲೆ ವೇದಿಕೆ ಹತ್ತಿ ಜನರಿಗೆ ತಾನೇ ಓದಿ ಹೇಳುತ್ತಿದ್ದನಂತೆ. ಪುಸ್ತಕವನ್ನೂ ತಂದೆ. ಮುಕ್ಕಾಲು ಓದಿದಾಗ ನೋಡಿದರೆ, ಭೂತಗಳು ಮೂರು!

"ಅಲ್ಲಾ ಜೆಸಿಂತಾ, ಮೂರನೇದ್ದು ಎಲ್ಲಿ ಹೋತು?" ಎಂದೆ.

ಅವಳು ಬಾಗಿಲು ಎಳೆದುಕೊಂಡು ಮೆಲ್ಲಗೆ, "ಅದು ಮುಂದೆ ಆಗುವುದನ್ನು ತೋರಿಸ್ತದೆ. ಮಗು ಇರುವುದಿಲ್ಲ, ಮೂಲೆಯಲ್ಲಿ ಖಾಲಿ ಕುರ್ಚಿ. ಶಾಲೆಯಲ್ಲಿ ಓದುವಾಗ ಅಲ್ಲಿಗೇ ಮುಚ್ಚಿಟ್ಟದ್ದು ನಾನು. ಶೈನಾಗೆ ಹೇಳ್ಬೇಡ" ಎಂದಳು. ನಾನೂ ಹೆದರಿ ಮುಂದೆ ಓದಲಿಲ್ಲ. ಪುಸ್ತಕ ನಮ್ಮ ಮನೆಯ ಮೇಜಿನ ಮೇಲೆ ಬಿದ್ದಿತ್ತು.

ಮಕ್ಕಳು ಸುಮ್ಮನಿರುತ್ತಾರೆಯೇ? ಮುಂದಿನ ಶುಕ್ರವಾರ ಜೆಸಿಂತಾ ಎರಡನೇ ಭೂತಕ್ಕೇ ಕತೆ ಮುಗಿಸಿದಾಗ ಶೈನಾ, "ನೋ ಮಮ್ಮಾ, ಇನ್ನೊಂದು ಉಂಟು. ಆಂಟಿಯ ಬುಕ್ಕಲ್ಲಿ ನಾನು ಓದಿದೆ" ಎಂದಳು.

"ಶೈನಾ, ಸಾಕು!"

"ಬಟ್ ಹೀ ಡಸಂಟ್ ಡೈ, ಮಮ್ಮಾ! ಲಾಸ್ಟ್ ಪೇಜಲ್ಲಿ ಉಂಟು. ಯು ನೆವರ್ ರೆಡ್ ಇಟ್?"

ಜೆಸಿಂತಾ ಹಿಟ್ಟಿನ ಕೈಯಲ್ಲೇ ಮಗಳು ಎತ್ತಿಕೊಂಡು ಬಂದಿದ್ದ ಪುಸ್ತಕ ಕಸಿದು ಆ ಪುಟ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಎಲ್ಲರ ಮೇಲೂ ರೇಗಿದಳು: "ಇಷ್ಟು ವರ್ಷ ಒಬ್ರಾದ್ರೂ ಹೇಳ್ಬಾರ್ದಾ ನಂಗೆ!" ರೇಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಅತ್ತು ಮುಗಿದ ಮೇಲೆ ರುವೈಸ್‌ನಲ್ಲಿದ್ದ ಗಂಡನಿಗೆ ಫೋನು ಹಚ್ಚಿ, "ಡಾಕ್ಟ್ರಿಗೆ ಹೂಂ ಹೇಳಿ ಬಿಡುವ" ಎಂದಳು.

ಶೈನಾ ಈಗ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾಳೆ. ಆ ಮಗು ಸಾಯಲಿಲ್ಲ ಎಂಬ ಮಾತು ಸಾಹಿತಿಯ ಮೊದಲ ಕೈಬರಹದಲ್ಲಿ ಇರಲಿಲ್ಲವಂತೆ, ಅಚ್ಚಿಗೆ ಹೋಗುವಾಗ ಸೇರಿಸಿದನಂತೆ. ಯಾಕೋ, ಯಾರು ನೆನಪಾದರೋ, ನನಗೆ ಇನ್ನೂ ತಿಳಿದಿಲ್ಲ.

ಲಿಫ್ಟಿನಿಂದ ಇಳಿದ ಮೇಲೆ ನನ್ನ ಮಗಳು ಅದೇನು ವಾಸನೆ ಎಂದು ಬೆನ್ನುಬಿದ್ದಳು. ಅಡುಗೆಮನೆಯಲ್ಲಿ ಕೂರಿಸಿಕೊಂಡು ಕತೆ ಶುರುಮಾಡಿದೆ. ಗುಮಾಸ್ತನ ಮಗುವಿಗೆ ಕಾಯಿಲೆ ಎಂದದ್ದೇ ತಡ, ಅವಳ ಮುಖ ಸಣ್ಣಗಾಯಿತು.

"ಆ ಕೂಸು ಸಾಯಂಗಿಲ್ಲವ್ವಾ, ಮೊದಲಽ ಹೇಳಿಬಿಡ್ತೀನಿ" ಎಂದೆ. "ಈಗ ಕತಿ ಕೇಳು."