ಸಾವಿತ್ರಮ್ಮನವರು ತೊಳೆದ ಹಿಮ

ಐರ್ಲೆಂಡಿನ ಕಾರ್ಕ್‌ನಲ್ಲಿರುವ ಮಗ ಗುರುಪ್ರಸಾದನ ಮನೆಗೆ ಬಂದು ನೆಲೆಸಿದಂದಿನಿಂದ ಮೈಸೂರಿನ ಸಾವಿತ್ರಮ್ಮನವರ ಕೈಯಿಂದ ಒರೆಸುವ ಬಟ್ಟೆ ಇಳಿದದ್ದನ್ನು ಕಂಡವರಿಲ್ಲ. ತಮ್ಮ ಮನೆಯದು ಮುಗಿದರೆ ಪಕ್ಕದ ಮನೆಯ ಗೇಟನ್ನೂ ಬಿಡರು. ಆ ಮನೆಯಾಕೆ ಗಾಬರಿಯಿಂದ ಹೊರಬಂದರೆ "ಗ್ರ್ಯಾಂಡ್, ಗ್ರ್ಯಾಂಡ್" ಎಂದು, ಅಂದರೆ ಎಲ್ಲ ಸರಿಯಿದೆ ಎಂದು, ತಮಗೆ ಬರುವ ಅಷ್ಟೂ ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತಾರೆ. ಇಂಥ ಪುಣ್ಯಾತ್ಗಿತ್ತಿಯನ್ನು ಯಾರು ತಾನೇ ಬೈದಾರು?

ಈ ದಸರೆಗೆ ಗೊಂಬೆ ಕೂರಿಸಿದಾಗ ಮೆಟ್ಟಿಲುಗಳ ಕೆಳಗಿನ ಪಾರ್ಕು ಮೊಮ್ಮಗಳು ನಿಸರ್ಗಾಳ ಪಾಲಿಗೆ ಬಂತು. ಪ್ರತಿ ವರ್ಷ ಅಲ್ಲಿ ರಾಗಿ ಪೈರು, ಆನೆ, ಜಿಂಕೆ ಇರುತ್ತಿದ್ದವು. ಇವಳು ಅಂಟಾರ್ಕ್ಟಿಕಾ ಮಾಡಿದಳು. ಥರ್ಮಾಕೋಲಿನ ಹಿಮ, ಜೇಡಿಮಣ್ಣಿನ ಪೆಂಗ್ವಿನ್‌ಗಳ ಹಿಂಡು. ಹಳೆಯ ಹಿಮಗಡ್ಡೆಗೆ ನೀಲಿ, ಪಾಚಿ ಕಟ್ಟಿದ ಅಂಚಿಗೆ ಹಸಿರು, ಪೆಂಗ್ವಿನ್‌ಗಳ ಸುತ್ತ ಕೆಂಗಂದು. ಗೊಂಬೆ ಆರತಿಗೆ ಅವಳು ಶಾಲೆಯ ಗೆಳತಿಯರನ್ನು ಕರೆದದ್ದು ಇದೇ ಮೊದಲು.

ಅಂದು ಬೆಳಿಗ್ಗೆ ಪೂಜೆಗೆ ಕೂತ ಸಾವಿತ್ರಮ್ಮನವರ ಕಣ್ಣಿಗೆ ಆ ಕೆಂಪು ಬಿತ್ತು. ಅಯ್ಯೋ, ಅರ್ಚನೆಯ ಕುಂಕುಮ ಚೆಲ್ಲಿ ಮಗುವಿನ ಹಿಮ ಹಾಳಾಯಿತಲ್ಲ! ಪೆಂಗ್ವಿನ್‌ಗಳನ್ನು ಪಕ್ಕಕ್ಕೆತ್ತಿಟ್ಟು, ಥರ್ಮಾಕೋಲನ್ನು ಸಿಂಕಿಗೆ ಒಯ್ದು, ಆ ಜಾಗವನ್ನೆಲ್ಲ ತಿಕ್ಕಿ ತಿಕ್ಕಿ ಮಲ್ಲಿಗೆಯಷ್ಟು ಬೆಳ್ಳಗೆ ಮಾಡಿದರು.

ಶಾಲೆಯಿಂದ ಬಂದ ನಿಸರ್ಗಾ ಅದನ್ನು ನೋಡಿದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ಗೆಳತಿಯರಿಗೆ ಬರಬೇಡಿ ಎಂದು ಹೇಳಿಬಿಡುತ್ತಾಳಂತೆ.

"ಅಮ್ಮ, ಅದು ಕುಂಕುಮ ಅಲ್ಲ. ಪೆಂಗ್ವಿನ್ ಹಿಕ್ಕೆ ಬಣ್ಣ," ಎಂದ ಗುರುಪ್ರಸಾದ. "ಕೆಂಪು ಸೀಗಡಿ ಥರದ್ದು ತಿಂತಾವಲ್ಲ, ಅದಕ್ಕೇ. ಆ ಕಲೆ ನೋಡ್ಕೊಂಡೇ ಅವು ಎಲ್ಲಿದಾವೆ ಅಂತ ಸ್ಯಾಟಲೈಟ್‌ನಿಂದ ಕಂಡುಹಿಡಿಯೋದು."

"ಹಿಕ್ಕೆನಾ? ದೇವ್ರ ಮುಂದೇನಾ?"

ಮಡಿಯ ಜೀವ ಹೌಹಾರಿತು. ಆದರೆ ಬಾಗಿಲಿನಾಚೆ ಮೊಮ್ಮಗಳು ಬಿಕ್ಕುವುದು ಕೇಳಿಸಿತು. ಸಗಣಿ ಸಾರಿಸಿದ ನೆಲದ ಮೇಲೆ ಕೂತು ಉಂಡು ಬೆಳೆದವಳಿಗೆ ಇದೆಂಥ ಬಿಂಕ ಎಂದು ತಮ್ಮನ್ನೇ ಬೈದುಕೊಂಡರು. ಕುಂಕುಮಕ್ಕೆ ಒಂದಿಷ್ಟು ಕಾಫಿ ಡಿಕಾಕ್ಷನ್ ಬೆರೆಸಿ, ಬಟ್ಟಲು ಹಿಡಿದು ಬಾಗಿಲು ತಟ್ಟಿದರು.

"ಬಾರೇ ಪುಟ್ಟಿ. ಎಲ್ಲೆಲ್ಲಿ ಹಚ್ಬೇಕು ತೋರ್ಸು, ನಾನೇ ಹಚ್ತೀನಿ."

"ಮೋರ್, ಅಜ್ಜಿ. ಲೋಡ್ಸ್ ಮೋರ್," ಎನ್ನುತ್ತ ನಿಸರ್ಗಾ ಪಕ್ಕದಲ್ಲೇ ಕೂತು ಬಳಿಸಿದಳು. ಮೂಗು ಇನ್ನೂ ಕೆಂಪಗಿತ್ತು, ಬಾಯಿ ಮಾತ್ರ ನಗುತ್ತಿತ್ತು.

ಸಂಜೆ ಗೆಳತಿಯರು ಬಂದು ಪಾರ್ಕಿನ ಸುತ್ತ ಕೂತರು. ಹತ್ತಿರದ ಊರು ರಿಂಗಾಸ್ಕಿಡಿಯಿಂದ ಆರತಿಗೆ ಬಂದಿದ್ದ ವಿನೋದಿನಿ ಎಂಬಾಕೆ ಅವರ ನಡುವೆ ಬಗ್ಗಿ ನೋಡಿ, "ಅಯ್ಯೋ, ಕುಂಕುಮ ಚೆಲ್ಲಿದೆಯಲ್ರೀ," ಎನ್ನುತ್ತ ಸೆರಗಿನ ತುದಿ ಮುಂದೆ ಚಾಚಿದರು.

ಸಾವಿತ್ರಮ್ಮನವರು ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದೇಬಿಟ್ಟರು.

"ಒರೆಸ್ಬೇಡಿ ಕಣ್ರೀ! ಆ ಕಲೆ ಇದ್ರೇನೇ ಅಲ್ಲೊಂದು ಸಂಸಾರ ಇದೆ ಅಂತ ಗೊತ್ತಾಗೋದು."