ಮುಂದಿಟ್ಟ ಕಾಲು

ತೊಂಬತ್ತರ ದಶಕದಲ್ಲಿ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ನಾವು ಕ್ರಿಕೆಟ್ ಆಡಿದ್ದೆಲ್ಲ ಮ್ಯಾಟಿನ ಮೇಲೆ. ಗಟ್ಟಿ ಮಣ್ಣಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಬಿಗಿಯಾಗಿ ಎಳೆದು, ಸುತ್ತ ಮೊಳೆ ಹೊಡೆದರೆ ಪಿಚ್ ತಯಾರು. ಅದರ ಮೇಲೆ ಬಿದ್ದ ಚೆಂಡು ಎದೆಮಟ್ಟಕ್ಕೆ ಏಳುತ್ತದೆ. ಹಾಗಾಗಿ ಕಾಲನ್ನು ಹಿಂದಕ್ಕೆ ಸರಿಸಿ ಆಡುವುದು ನಮ್ಮ ಕಡೆಯ ಹುಡುಗರಿಗೆ ಯಾರೂ ಹೇಳಿಕೊಡದೆ ಬಂದ ಬುದ್ಧಿ. ಇನ್ನು ನಾರಿನ ಮೇಲೆ ಬೂಟಿನಿಂದ ಗೀರಲು ಆಗುವುದಿಲ್ಲವಲ್ಲ, ಕ್ರೀಸಿನಲ್ಲಿ ನಿಲ್ಲುವ ಜಾಗ ಗುರುತು ಮಾಡಿಕೊಳ್ಳಲು ಬ್ಯಾಟ್ಸ್‌ಮನ್‌ಗಳ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇರುತ್ತಿತ್ತು.

ರಾಜ್ಯ ತಂಡದ ಆಯ್ಕೆಗೆಂದು ಮೊದಲ ಸಲ ಬೆಂಗಳೂರಿಗೆ ಕರೆದಾಗ, ನಾನು ಹುಲ್ಲು ಬೆಳೆಸಿದ ಪಿಚ್ಚಿನ ಮೇಲೆ ಬಗ್ಗಿ ಅದೇ ಸೀಮೆಸುಣ್ಣ ಉಜ್ಜತೊಡಗಿದೆ. ಮಣ್ಣು ಕಿತ್ತು ಬಂತೇ ಹೊರತು ಗೆರೆ ಮೂಡಲಿಲ್ಲ. ಹಿಂದೆ ನಿಂತಿದ್ದ ಕೀಪರ್ ಬಿದ್ದು ಬಿದ್ದು ನಕ್ಕ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ಮೊದಲ ಚೆಂಡಿಗೆ ಕಾಲು ಹಿಂದಕ್ಕಿಟ್ಟೆ. ಚೆಂಡು ಏಳಲೇ ಇಲ್ಲ, ಸೀದಾ ಬಂದು ಪ್ಯಾಡಿಗೆ ಬಡಿಯಿತು. ಎಲ್‌ಬಿಡಬ್ಲ್ಯೂ. ಮುಂದಿನ ವರ್ಷ ಇನ್ನೊಂದು ಅವಕಾಶ ಕೊಡುತ್ತೇವೆ, ಅಷ್ಟರಲ್ಲಿ ಕಾಲು ಮುಂದಕ್ಕೆ ಬರುವುದನ್ನು ಕಲಿತುಕೊ ಎಂದರು ಆಯ್ಕೆಗಾರರು.

ಭದ್ರಾವತಿಯಲ್ಲಿ ನನಗೊಬ್ಬ ಗೆಳೆಯನಿದ್ದ. ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುವವನು, ಆ ಊರಿನ ತಂಡದ ವೇಗದ ಬೌಲರ್. ಸೀಮೆಸುಣ್ಣದ ಕಥೆ ಕೇಳಿ ಅವನೂ ನಕ್ಕ, ಆದರೆ ಅವನ ಮೇಲೆ ಯಾಕೋ ನನಗೆ ಕೋಪ ಬರುತ್ತಿರಲಿಲ್ಲ. ಮ್ಯಾಟ್ ಸುತ್ತಿಟ್ಟು ಬರೀ ಮಣ್ಣಿನ ಮೇಲೆ ಆಡೋಣ, ಅಲ್ಲಿ ಚೆಂಡು ಏಳುವುದಿಲ್ಲ ಎಂದ. ಆ ಬೇಸಿಗೆಯಿಡೀ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯಿಂದ ಹೊರಟು ಬೆಳಗಿನ ಬಸ್ಸು ಹಿಡಿದೆ. ಗ್ಯಾರೇಜ್ ತೆರೆಯುವ ಹೊತ್ತಿನವರೆಗೆ ಅವನು ಬೌಲ್ ಮಾಡುತ್ತಿದ್ದ. ಕಾಲು ಹಿಂದೆ ಹೋದಾಗಲೆಲ್ಲ ಪೆಟ್ಟು. ನಾನು ಬ್ಯಾಟ್ ಬಿಸಾಡಿ ಬೈದರೆ ಅವನು ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ಕಾಯುತ್ತಿದ್ದ. ಶಿಫ್ಟ್ ಮುಗಿಸಿ ಬರುವ ಕಾರ್ಖಾನೆಯ ತಮಿಳು ಕೆಲಸಗಾರರು ಸೈಕಲ್ ನಿಲ್ಲಿಸಿ ತಮ್ಮ ಭಾಷೆಯಲ್ಲಿ ಗೇಲಿ ಮಾಡುತ್ತಿದ್ದರು. ಮಳೆ ಹಿಡಿಯುವ ಹೊತ್ತಿಗೆ ನನ್ನ ಕಾಲು ತಾನಾಗಿಯೇ ಮುಂದೆ ಬರತೊಡಗಿತು.

ಆ ವರ್ಷ ಆಯ್ಕೆಯಾದೆ. ಎರಡು ಸೀಸನ್ ರಾಜ್ಯಕ್ಕೆ ಆಡಿದೆ. ಹೇಳಿಕೊಳ್ಳುವಂಥ ರನ್ನೇನೂ ಬರಲಿಲ್ಲ, ಆದರೂ ಆ ದಿನಗಳ ಖುಷಿ ಖುಷಿಯೇ. ಆಮೇಲೆ ಕೈಬಿಟ್ಟರು. ವಾಪಸ್ ಹೋಗಲು ಉಳಿದದ್ದು ಒಂದೇ ದಾರಿ: ವಲಯದ ಪಂದ್ಯಗಳಲ್ಲಿ ರನ್ ಹೊಡೆಯಬೇಕು. ಕೊನೆಯ ಪಂದ್ಯ ಭದ್ರಾವತಿಯಲ್ಲಿ, ಆ ಊರಿನ ತಂಡದ ಎದುರು, ಮ್ಯಾಟಿನ ಮೇಲೆ. ಆಯ್ಕೆಗಾರರೊಬ್ಬರು ನನ್ನ ಆಟ ನೋಡಲೆಂದೇ ಬಂದಿದ್ದರು. ನಾವು ಹುಟ್ಟಿ ಬೆಳೆದ ಪಿಚ್ಚು, ಇನ್ನೇನು ಬೇಕು ಅಂದುಕೊಂಡೆ.

ಬೌಲ್ ಮಾಡಲು ಬಂದವನು ಗ್ಯಾರೇಜಿನ ಅದೇ ಗೆಳೆಯ. ಹಿಂದಿನ ಸಂಜೆ ಇಬ್ಬರೂ ಜೊತೆಯಲ್ಲಿ ಟೀ ಕುಡಿದಿದ್ದೆವು. ಆ ಪಂದ್ಯ ನನಗೆ ಎಂಥದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಬೌಲ್ ಮಾಡಿದವನು ಒಂದು ಚೆಂಡನ್ನು ಪಿಚ್ಚಿನ ಮಧ್ಯಕ್ಕೇ ಕುಕ್ಕಿ ಎದೆಮಟ್ಟಕ್ಕೆ ಎಬ್ಬಿಸಿದ. ಹೈಸ್ಕೂಲಿನಲ್ಲಿದ್ದಾಗ ನಾನು ಹಿಂದೆ ಸರಿದು ಆರಾಮಾಗಿ ಬೌಂಡರಿಗೆ ಕಳಿಸುತ್ತಿದ್ದಂಥ ಚೆಂಡು. ನನ್ನ ಕಾಲು ಮುಂದೆ ಹೋಯಿತು. ಚೆಂಡು ಗ್ಲೋವ್ಸಿಗೆ ತಾಗಿ ಮೇಲಕ್ಕೆ ಹಾರಿತು, ಅವನೇ ಓಡಿ ಬಂದು ಹಿಡಿದ.

ಆಯ್ಕೆಗಾರರು ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಹೋದರು. ನಾನು ಮೈದಾನದ ಅಂಚಿನ ಮರದ ಕೆಳಗೆ ಕೂತೇ ಇದ್ದೆ. ಆ ದಿನದ ಆಟ ಮುಗಿದ ಮೇಲೆ ಅವನು ಬಂದ. ಬೇಕಂತಲೇ ಹಾಕಿದೆಯಾ ಎಂದು ಕೇಳಿದೆ, ನನ್ನ ದನಿ ಏರಿತ್ತು.

“ಹೂಂ, ಬೇಕಂತಲೇ. ನಿನ್ ಕಾಲು ಮುಂದಕ್ಕೇ ಬರುತ್ತೆ ಅಂತ ನಂಗ್ ಗೊತ್ತಿಲ್ವಾ ಮಾರಾಯ? ಕಲ್ಸಿದ್ದೇ ನಾನು. ಇನ್ನೇನ್ ಹಾಕ್ಲಿ ಹೇಳು?”

ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತ ಅಳು ಬಂತು, ಅವನೆದುರೇ ಅತ್ತೆ. ಅವನು ಕೆಳಗೆ ಕೂತು ನನ್ನ ಪ್ಯಾಡಿನ ಪಟ್ಟಿ ಬಿಚ್ಚತೊಡಗಿದ. ಔಟಾದಾಗಿನಿಂದ ನಾನು ಅದನ್ನು ಕಟ್ಟಿಕೊಂಡೇ ಕೂತಿದ್ದೆ.